ಸೈಯದ್ ಅಬ್ದುಲ್ ರಹೀಂ

ಸೈಯದ್ ಅಬ್ದುಲ್ ರಹೀಂ (17 ಆಗಸ್ಟ್ 1909 – 11 ಜೂನ್ 1963) ಭಾರತದ ಫುಟ್‌ಬಾಲ್ ತರಬೇತುದಾರರು. 1950ರಿಂದ ಕೊನೆಯುಸಿರಿನವರೆಗೆ ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೂ, 1951ರಿಂದ 1962ರ ನಡುವಿನ ಪ್ರಮುಖ ಅಂತಾರಾಷ್ಟ್ರೀಯ ಕೂಟಗಳಲ್ಲಿ ಭಾರತ ತಂಡಕ್ಕೂ ಅವರು ತರಬೇತಿ ನೀಡಿದರು. ಅವರ ಮಾರ್ಗದರ್ಶನದಲ್ಲಿ ಭಾರತವು 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನದ ಪದಕ ಗಳಿಸಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಫುಟ್‌ಬಾಲ್ ವಲಯದಲ್ಲಿ ಅವರು ರಹೀಂ ಸಾಹೇಬ್ ಎಂದೇ ಪರಿಚಿತರು. ಎಳೆಯ ಆಟಗಾರನೊಬ್ಬನ ಸಾಮರ್ಥ್ಯವನ್ನು ಅಳೆದು, ಆತ ಯಾವ ಸ್ಥಾನಕ್ಕೆ ಒಗ್ಗಬಲ್ಲ ಮತ್ತು ದೊಡ್ಡ ಪಂದ್ಯಗಳಿಗೆ ಸಿದ್ಧನೇ ಎಂಬುದನ್ನು ತೀರ್ಮಾನಿಸುವುದರಲ್ಲಿ ಅವರಿಗಿದ್ದ ಪರಿಣತಿ ವಿಶೇಷವಾದುದು.

ಪ್ರಾದೇಶಿಕ ಹಿನ್ನೆಲೆ

ರಹೀಂ ಅವರ ಬದುಕಿನ ಬಹುಭಾಗ ಕಳೆದದ್ದು ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿ. ಇಂದಿನ ತೆಲಂಗಾಣ, ಮಹಾರಾಷ್ಟ್ರದ ಮರಾಠವಾಡ ಹಾಗೂ ಕನ್ನಡ ನಾಡಿನ ಈಶಾನ್ಯ ಜಿಲ್ಲೆಗಳು ಈ ಸಂಸ್ಥಾನಕ್ಕೆ ಸೇರಿದ್ದವು. ಈಗಿನ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ಪ್ರದೇಶಗಳಿಗೂ ಹೈದರಾಬಾದ್ ನಗರವೇ ರಾಜಧಾನಿಯಾಗಿತ್ತು. ಉನ್ನತ ಶಿಕ್ಷಣ, ಸರ್ಕಾರಿ ನೌಕರಿ, ಪೊಲೀಸ್ ಸೇವೆಗಳಿಗಾಗಿ ಈ ಭಾಗದ ಯುವಕರು ಆ ನಗರದತ್ತ ನೋಡಬೇಕಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸಂಸ್ಥಾನದ ಎಲ್ಲ ಭಾಷಿಕರಿಗೂ ಪ್ರಧಾನ ವಿದ್ಯಾಕೇಂದ್ರವಾಗಿತ್ತು.

1948ರ ಸೆಪ್ಟೆಂಬರ್‌ನಲ್ಲಿ ನಡೆದ ಪೊಲೀಸ್ ಕಾರ್ಯಾಚರಣೆಯ ಬಳಿಕ ಸಂಸ್ಥಾನವು ಭಾರತ ಒಕ್ಕೂಟದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ತಿಂಗಳ 22ರಂದು ಮೆಲ್ಬರ್ನ್ ಒಲಿಂಪಿಕ್ಸ್ ಆರಂಭವಾಯಿತು. ಹೀಗಾಗಿ ರಹೀಂ ಅವರ ವೃತ್ತಿಜೀವನದ ಪೂರ್ವಾರ್ಧವು, ಕಲಬುರಗಿ ಸೀಮೆಯೂ ಹೈದರಾಬಾದ್ ನಗರವೂ ಒಂದೇ ರಾಜ್ಯದಲ್ಲಿದ್ದ ಕಾಲದ ಕ್ರೀಡಾ ಇತಿಹಾಸದ ಭಾಗವಾಗಿದೆ.

ಆರಂಭಿಕ ಜೀವನ

ರಹೀಂ ಹುಟ್ಟಿದ್ದು ಹೈದರಾಬಾದ್ ನಗರದಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ ಪದವಿ ಪಡೆದ ಅವರು, ವಿದ್ಯಾರ್ಥಿ ದೆಸೆಯಲ್ಲಿ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡದ ಆಟಗಾರರಾಗಿದ್ದರು. ಅನಂತರ ಸ್ಥಳೀಯ ಕ್ಲಬ್‌ಗಳ ಪರವಾಗಿಯೂ ಆಡಿದರು. ಜೀವನೋಪಾಯಕ್ಕೆ ಆರಿಸಿಕೊಂಡದ್ದು ಶಿಕ್ಷಕ ವೃತ್ತಿಯನ್ನು. ನಗರದ ಹಲವು ಶಾಲೆಗಳಲ್ಲಿ ಪಾಠ ಹೇಳಿದ ಅವರು, ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಶಾಲೆಯ ಕ್ರೀಡಾ ಚಟುವಟಿಕೆಗಳ ಹೊಣೆಯನ್ನೂ ಹೊತ್ತರು.

ಅವರ ತರಬೇತಿ ವಿಧಾನವನ್ನು ರೂಪಿಸಿದ್ದು ಈ ಶಿಕ್ಷಕ ವೃತ್ತಿಯೇ. ಆಟವನ್ನು ಪಾಠದಂತೆ ಹಂತಹಂತವಾಗಿ ಕಲಿಸುವುದು, ದೋಷವನ್ನು ಗುರುತಿಸಿ ಅದೇ ಅಂಶವನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದು, ಶಿಸ್ತಿಗೆ ಪ್ರಾಧಾನ್ಯ ಕೊಡುವುದು ಅವರ ರೂಢಿಯಾಗಿತ್ತು. 1940ರ ದಶಕದಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಇದರಿಂದ ನಗರದ ಲೀಗ್ ಪಂದ್ಯಗಳ ಸಂಘಟನೆ, ಕಿರಿಯರ ಪಂದ್ಯಾವಳಿಗಳು ಮತ್ತು ಆಟಗಾರರ ಆಯ್ಕೆ ಒಬ್ಬರದೇ ದೃಷ್ಟಿಕೋನದಡಿ ಬಂದವು.

ಹೈದರಾಬಾದ್ ಸಿಟಿ ಪೊಲೀಸ್ ತಂಡ

1950ರಲ್ಲಿ ರಹೀಂ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರಾದರು. ಆ ಕಾಲದ ಭಾರತೀಯ ಫುಟ್‌ಬಾಲ್‌ನ ಕೇಂದ್ರ ಕಲ್ಕತ್ತಾ. ಅಲ್ಲಿನ ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್‌ಗಳು ಬೆಂಗಳೂರು, ಹೈದರಾಬಾದ್ ಸೇರಿದಂತೆ ದೇಶದ ನಾನಾ ಭಾಗಗಳ ಉತ್ತಮ ಆಟಗಾರರನ್ನು ಸೆಳೆದುಕೊಳ್ಳುತ್ತಿದ್ದವು. ಇಂಥ ಪರಿಸ್ಥಿತಿಯಲ್ಲಿ ದಕ್ಷಿಣದ ಒಂದು ಇಲಾಖಾ ತಂಡವು ಮುಂಬಯಿಯ ರೋವರ್ಸ್ ಕಪ್ ಅನ್ನು 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ಗೆದ್ದುಕೊಂಡಿತು. ದೆಹಲಿಯಲ್ಲಿ ನಡೆಯುತ್ತಿದ್ದ ಡ್ಯುರಾಂಡ್ ಕಪ್ ಕೂಡ 1950ರ ದಶಕದಲ್ಲಿ ಹಲವು ಬಾರಿ ಈ ತಂಡದ ಪಾಲಾಯಿತು. ಆಂಧ್ರಪ್ರದೇಶ ರಚನೆಯಾದ ಬಳಿಕ ತಂಡವು ಆಂಧ್ರಪ್ರದೇಶ ಪೊಲೀಸ್ ಎಂಬ ಹೆಸರಿನಲ್ಲಿ ಮುಂದುವರಿದು, 1961ರಲ್ಲಿ ಮತ್ತೊಮ್ಮೆ ಡ್ಯುರಾಂಡ್ ಕಪ್ ಗೆದ್ದಿತು.

ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿಯನ್ನು ಹೈದರಾಬಾದ್ ತಂಡವು 1956–57 ಮತ್ತು 1957–58ರಲ್ಲಿ ಸತತ ಎರಡು ಬಾರಿ ಗೆದ್ದಿತು. ಎರಡೂ ಸಲ ಫೈನಲ್‌ನಲ್ಲಿ ಸೋತದ್ದು ಬಾಂಬೆ ತಂಡ.

ಆಟಗಾರರ ಮೌಲ್ಯಮಾಪನ

1950ರ ದಶಕದಲ್ಲಿ ಭಾರತದ ಫುಟ್‌ಬಾಲ್ ವೃತ್ತಿಪರವಾಗಿರಲಿಲ್ಲ. ಆಟಗಾರನ ಬದುಕು ಸಾಗುತ್ತಿದ್ದುದು ಪೊಲೀಸ್, ರೈಲ್ವೆ, ಸೇನೆ, ಕಾರ್ಖಾನೆ ಮುಂತಾದೆಡೆ ದೊರೆಯುತ್ತಿದ್ದ ನೌಕರಿಯಿಂದ. ಆದ್ದರಿಂದ ಕಾಲೇಜು ಅಥವಾ ಬೀದಿಯ ಮೈದಾನದಲ್ಲಿ ಆಡುತ್ತಿದ್ದ ಹುಡುಗನೊಬ್ಬನನ್ನು ಇಲಾಖಾ ತಂಡಕ್ಕೆ ಆರಿಸಿಕೊಳ್ಳುವುದೆಂದರೆ ಆತನ ಕುಟುಂಬದ ಅನ್ನದ ದಾರಿಯನ್ನೂ ತೀರ್ಮಾನಿಸಿದಂತೆ. ಅಮೆರಿಕಾದ ಫುಟ್‌ಬಾಲ್‌ನಲ್ಲಿ 1936ರಿಂದಲೇ ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಪದ್ಧತಿ ಜಾರಿಯಲ್ಲಿತ್ತು. ಕಾಲಕ್ರಮದಲ್ಲಿ ಅಲ್ಲಿ ಓಟದ ವೇಗ, ಜಿಗಿತ, ಮೈಬಲಗಳನ್ನು ಅಳೆಯುವ ವ್ಯವಸ್ಥಿತ ಪರೀಕ್ಷೆಗಳೂ ಬೆಳೆದವು. ಭಾರತದಲ್ಲಿ ಅಂಥ ಯಾವ ವ್ಯವಸ್ಥೆಯೂ ಇರಲಿಲ್ಲ. ತರಬೇತುದಾರನ ಕಣ್ಣಳತೆಯೇ ಅಳತೆಗೋಲಾಗಿತ್ತು.

ಈ ಕಣ್ಣಳತೆಗೆ ರಹೀಂ ಒಂದು ಕ್ರಮವನ್ನು ತಂದರು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಎದುರಾಳಿಗಳನ್ನು ಒಬ್ಬೊಬ್ಬರಾಗಿ ವಂಚಿಸುವ ಡ್ರಿಬ್ಲಿಂಗ್ ಆಟ ಆಗಿನ ಪ್ರೇಕ್ಷಕರಿಗೆ ಅಚ್ಚುಮೆಚ್ಚು. ಅದರಿಂದ ಆಟಗಾರನಿಗೆ ಹೆಸರು ಬರುತ್ತಿತ್ತೇ ಹೊರತು ತಂಡಕ್ಕೆ ಗೆಲುವು ಖಾತರಿಯಿರಲಿಲ್ಲ. ರಹೀಂ ಹೈದರಾಬಾದಿನ ಕಿರಿಯರಿಗಾಗಿ ಡ್ರಿಬ್ಲಿಂಗ್ ನಿಷೇಧಿಸಿದ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಅಲ್ಲಿ ಚೆಂಡು ಸಿಕ್ಕೊಡನೆ ಜತೆಗಾರನಿಗೆ ದಾಟಿಸಬೇಕಿತ್ತು. ಹೀಗಾಗಿ ಚೆಂಡು ಬರುವ ಮೊದಲೇ ಸುತ್ತಲಿನ ಆಟವನ್ನು ಗಮನಿಸಿದ್ದ ಆಟಗಾರ ಯಾರು, ಚೆಂಡು ಬಂದ ಮೇಲೆ ಯೋಚಿಸುವವನು ಯಾರು ಎಂಬುದು ಬೇಗನೆ ತಿಳಿಯುತ್ತಿತ್ತು.

ದುರ್ಬಲ ಕಾಲಿನಲ್ಲಷ್ಟೇ ಆಡಬೇಕಾದ ಪಂದ್ಯಗಳು ಇನ್ನೊಂದು ಪ್ರಯೋಗ. ಬಲಗಾಲಿನ ಆಟಗಾರನು ಎಡಗಾಲಿನಿಂದಲೂ, ಎಡಗಾಲಿನವನು ಬಲಗಾಲಿನಿಂದಲೂ ಚೆಂಡನ್ನು ಒದೆಯಬೇಕಿತ್ತು. ಎರಡೂ ಕಾಲು ಪಳಗಿದ ಆಟಗಾರನನ್ನು ಎದುರಾಳಿಯು ಒಂದೇ ಬದಿಗೆ ತಳ್ಳಿ ಕಟ್ಟಿಹಾಕಲಾರ. ಜೊತೆಗೆ, ಹೊಸದನ್ನು ಕಲಿಯುವಾಗ ನಗೆಪಾಟಲಾಗಲು ಹಿಂಜರಿಯದ ಸ್ವಭಾವ ಯಾರಿಗಿದೆ ಎಂಬುದೂ ಇಂಥ ಪಂದ್ಯಗಳಲ್ಲಿ ವ್ಯಕ್ತವಾಗುತ್ತಿತ್ತು.

ಸಿಕಂದರಾಬಾದ್ ಬಳಿಯ ಅಮ್ಮುಗುಡದ ಬಡ ಕುಟುಂಬದಿಂದ ಬಂದ ತುಳಸಿದಾಸ್ ಬಲರಾಂ ಅವರ ಆಯ್ಕೆ ಇದಕ್ಕೊಂದು ಪ್ರಸಿದ್ಧ ನಿದರ್ಶನ. ಅವರ ಆಟವನ್ನು ಕಂಡ ರಹೀಂ ಹೈದರಾಬಾದ್ ತಂಡದ ಆಯ್ಕೆ ಶಿಬಿರಕ್ಕೆ ಬರಹೇಳಿದರು. ನಗರಕ್ಕೆ ಬಂದುಹೋಗಲು ಹುಡುಗನ ಬಳಿ ಹಣವಿಲ್ಲವೆಂದು ತಿಳಿದಾಗ ಬಾಡಿಗೆ ಸೈಕಲ್ಲಿನ ಖರ್ಚನ್ನು ತಾವೇ ನೋಡಿಕೊಂಡರು. ಬಲರಾಂ 20ನೆಯ ವಯಸ್ಸಿನಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್ ತಂಡದಲ್ಲಿದ್ದರು. ಮುಂದೆ ಪಿ.ಕೆ. ಬ್ಯಾನರ್ಜಿ ಮತ್ತು ಚುನಿ ಗೋಸ್ವಾಮಿ ಅವರೊಂದಿಗೆ ಭಾರತದ ಮುನ್ಪಡೆಯ ಪ್ರಸಿದ್ಧ ತ್ರಿವಳಿಯಲ್ಲಿ ಒಬ್ಬರಾದರು.

ರಾಷ್ಟ್ರೀಯ ತಂಡ

1951ರ ಮಾರ್ಚ್‌ನಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ರಹೀಂ ಭಾರತ ತಂಡದ ತರಬೇತುದಾರರಾಗಿದ್ದರು. ಸೈಲೇನ್ ಮನ್ನಾ ನಾಯಕತ್ವದ ತಂಡವು ಫೈನಲ್‌ನಲ್ಲಿ ಇರಾನ್ ತಂಡವನ್ನು 1–0 ಗೋಲಿನಿಂದ ಸೋಲಿಸಿ ಚಿನ್ನ ಗೆದ್ದಿತು. ಗೋಲು ಗಳಿಸಿದವರು ಸಾಹು ಮೇವಾಲಾಲ್.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತವು ಯುಗೊಸ್ಲಾವಿಯಾ ಎದುರು 1–10ರಿಂದ ಸೋತಿತು. ಭಾರತದ ಏಕೈಕ ಗೋಲನ್ನು ಬೆಂಗಳೂರಿನ ಅಹಮದ್ ಖಾನ್ ಹೊಡೆದರು. ಭಾರತದ ಹಲವರು ಬರಿಗಾಲಿನಲ್ಲಿ ಆಡಿದ್ದರು. ಉತ್ತರ ಯುರೋಪಿನ ತಣ್ಣನೆಯ ಹವೆಯೂ ಒದ್ದೆ ಹುಲ್ಲೂ ಅವರಿಗೆ ಹೊಸತು. ದೇಶದೊಳಗಿನ ಪಂದ್ಯಗಳು 90 ನಿಮಿಷಕ್ಕಿಂತ ಕಡಿಮೆ ಅವಧಿಯವಾದ್ದರಿಂದ ಪೂರ್ಣಾವಧಿ ಓಡುವ ಕಸುವೂ ಇರಲಿಲ್ಲ. ಈ ಸೋಲಿನ ನಂತರ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟುಗಳನ್ನು ಕಡ್ಡಾಯಗೊಳಿಸಿತು. ರಹೀಂ ಅವರ ಮಟ್ಟಿಗೆ ಇದು ಮೌಲ್ಯಮಾಪನದ ಮಾನದಂಡವನ್ನೇ ಬದಲಿಸಿದ ಪಂದ್ಯ. ಸ್ಥಳೀಯ ಮೈದಾನದಲ್ಲಿ ಮಿಂಚುವ ಕೌಶಲವಷ್ಟೇ ಸಾಲದು, ಪರಸ್ಥಳದಲ್ಲಿ, ಬಲಿಷ್ಠರ ಎದುರು, ಪೂರ್ತಿ ಅವಧಿಗೆ ಆ ಕೌಶಲ ಉಳಿಯುತ್ತದೆಯೇ ಎಂಬುದು ಮುಂದಿನ ಆಯ್ಕೆಗಳಲ್ಲಿ ಮುಖ್ಯವಾಯಿತು.

ಮೆಲ್ಬರ್ನ್, 1956

ಮೆಲ್ಬರ್ನ್ ತಂಡದಲ್ಲಿ ನೂರ್ ಮೊಹಮ್ಮದ್, ಅಜೀಜುದ್ದೀನ್, ಅಬ್ದುಲ್ ಸಲಾಂ, ಜುಲ್ಫಿಕರುದ್ದೀನ್, ಬಲರಾಂ ಮುಂತಾದ ಹೈದರಾಬಾದಿನ ಆಟಗಾರರು ಗಣನೀಯ ಸಂಖ್ಯೆಯಲ್ಲಿದ್ದರು. ಬೆಂಗಳೂರಿನ ಕೆಂಪಯ್ಯ ಹಾಫ್‌ಬ್ಯಾಕ್ ಆಟಗಾರರಾಗಿ ಈ ತಂಡದಲ್ಲಿದ್ದರು. ರಕ್ಷಣೆಗೂ ದಾಳಿಗೂ ನಡುವೆ ನಿಂತು, ಎದುರಾಳಿಯ ಪಾಸನ್ನು ಮುರಿದು, ಅದೇ ಚೆಂಡಿನಿಂದ ದಾಳಿ ಆರಂಭಿಸಬೇಕಾದ ಹಾಫ್‌ಬ್ಯಾಕ್ ಸ್ಥಾನಕ್ಕೆ ರಹೀಂ ಅವರ ವ್ಯವಸ್ಥೆಯಲ್ಲಿ ವಿಶೇಷ ಮಹತ್ತ್ವವಿತ್ತು. ಕೆಂಪಯ್ಯ 1960ರ ಒಲಿಂಪಿಕ್ಸ್ ತಂಡದಲ್ಲೂ ಸ್ಥಾನ ಉಳಿಸಿಕೊಂಡರು.

ಹಂಗೆರಿ ತಂಡ ಹಿಂದೆ ಸರಿದುದರಿಂದ ಭಾರತವು ನೇರವಾಗಿ ಕ್ವಾರ್ಟರ್ ಫೈನಲ್ ತಲುಪಿತು. ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ಈ ಪಂದ್ಯದಲ್ಲಿ ಮೂರು ಗೋಲು ಹೊಡೆದ ನೆವಿಲ್ ಡಿಸೋಜ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯನ್ ಆಟಗಾರರೆನಿಸಿದರು. ಒಲಿಂಪಿಕ್ಸ್ ಫುಟ್‌ಬಾಲ್‌ನ ಸೆಮಿಫೈನಲ್ ಪ್ರವೇಶಿಸಿದ ಮೊದಲ ಏಷ್ಯನ್ ದೇಶವೆಂಬ ಹಿರಿಮೆ ಭಾರತದ್ದಾಯಿತು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾ ಎದುರು ಮೊದಲ ಗೋಲನ್ನು ಭಾರತವೇ ಗಳಿಸಿದರೂ ಕೊನೆಗೆ 1–4ರಿಂದ ಸೋತಿತು. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಾ 3–0ಯಿಂದ ಗೆದ್ದಿತು. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ಹೊಡೆದಿದ್ದ ಎದುರಾಳಿಯ ಮುಂದೆ ಭಾರತ ತಂಡ ಸಾಧಿಸಿದ ಸುಧಾರಣೆ ಗಮನಾರ್ಹವಾದುದು.

ರೋಮ್, 1960

ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತವು ಹಂಗೆರಿ, ಫ್ರಾನ್ಸ್ ಮತ್ತು ಪೆರು ತಂಡಗಳಿದ್ದ ಕಠಿಣ ಗುಂಪಿನಲ್ಲಿತ್ತು. ಹಂಗೆರಿ ಎದುರು 1–2ರ ಅಲ್ಪ ಅಂತರದ ಸೋಲು, ಫ್ರಾನ್ಸ್ ಜೊತೆ 1–1ರ ಸಮಬಲ, ಪೆರು ಎದುರು 1–3ರ ಸೋಲಿನೊಂದಿಗೆ ತಂಡ ನಿರ್ಗಮಿಸಿತು. ಬಲರಾಂ ಎರಡು, ನಾಯಕ ಪಿ.ಕೆ. ಬ್ಯಾನರ್ಜಿ ಒಂದು ಗೋಲು ಗಳಿಸಿದರು. ಭಾರತದ ಪುರುಷರ ತಂಡವು ಆನಂತರ ಒಲಿಂಪಿಕ್ಸ್ ಫುಟ್‌ಬಾಲ್‌ಗೆ ಅರ್ಹತೆ ಪಡೆದಿಲ್ಲ.

ಈ ಅವಧಿಯಲ್ಲಿ ರಹೀಂ ಮೂವರು ಹಿಂದಾಳುಗಳ ಹಳೆಯ ವಿನ್ಯಾಸವನ್ನು ಬಿಟ್ಟು 4–2–4 ವಿನ್ಯಾಸದತ್ತ ತಂಡವನ್ನು ಒಯ್ದರು. ನಾಲ್ವರು ರಕ್ಷಕರು, ಇಬ್ಬರು ಮಧ್ಯ ಆಟಗಾರರು ಹಾಗೂ ನಾಲ್ವರು ದಾಳಿಕಾರರಿರುವ ಈ ವಿನ್ಯಾಸವು 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಗೆಲುವಿನಿಂದ ಜಗತ್ಪ್ರಸಿದ್ಧವಾಗಿತ್ತು. ಮಧ್ಯದಲ್ಲಿ ಇಬ್ಬರೇ ಉಳಿಯುವುದರಿಂದ ದಣಿವಿಲ್ಲದೆ ಓಡಬಲ್ಲ, ಟ್ಯಾಕಲ್ ಮಾಡಬಲ್ಲ, ಪಾಸ್ ಕೊಡಬಲ್ಲ ಆಟಗಾರರು ಇದಕ್ಕೆ ಅಗತ್ಯ.

ಜಕಾರ್ತಾ, 1962

ಇಂಡೊನೇಷ್ಯಾದ ಜಕಾರ್ತಾದಲ್ಲಿ ನಡೆದ ನಾಲ್ಕನೆಯ ಏಷ್ಯನ್ ಕ್ರೀಡಾಕೂಟ ರಹೀಂ ಅವರ ಕೊನೆಯ ದೊಡ್ಡ ಕೂಟ. ಆ ಹೊತ್ತಿಗೆ ಅವರನ್ನು ಶ್ವಾಸಕೋಶದ ಕ್ಯಾನ್ಸರ್ ಕಾಡುತ್ತಿತ್ತು. ಚುನಿ ಗೋಸ್ವಾಮಿ ನಾಯಕತ್ವದ ತಂಡವು ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0–2ರಿಂದ ಸೋತಿತು. ಬಳಿಕ ಥಾಯ್ಲೆಂಡ್ ತಂಡವನ್ನು 4–1ರಿಂದಲೂ, ಜಪಾನ್ ತಂಡವನ್ನು 2–0ಯಿಂದಲೂ ಮಣಿಸಿ ಸೆಮಿಫೈನಲ್ ತಲುಪಿತು.

ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ಪ್ರಮುಖ ರಕ್ಷಕ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಗಾಯಗೊಂಡ ತಲೆಯಿಂದ ರಕ್ಷಣಾ ಸ್ಥಾನದಲ್ಲಿ ಎತ್ತರದ ಚೆಂಡುಗಳನ್ನು ಸತತವಾಗಿ ಎದುರಿಸುವುದು ಕಷ್ಟಸಾಧ್ಯವಾಗಿತ್ತು. ರಹೀಂ ಅವರನ್ನು ತಂಡದಿಂದ ಕೈಬಿಡಲಿಲ್ಲ, ಹಳೆಯ ಸ್ಥಾನದಲ್ಲಿ ಆಡಿಸಲೂ ಇಲ್ಲ. ಸೆಂಟರ್ ಫಾರ್ವರ್ಡ್ ಸ್ಥಾನಕ್ಕೆ ಕಳಿಸಿದರು. ಜರ್ನೈಲ್ ಅವರ ದೃಢಕಾಯ, ಅಂಜದ ಸ್ವಭಾವ ಮತ್ತು ವೇಗ ಎದುರಾಳಿ ರಕ್ಷಕರನ್ನು ಕಂಗೆಡಿಸಬಲ್ಲವು ಎಂಬುದು ಈ ನಿರ್ಧಾರದ ಹಿಂದಿನ ಲೆಕ್ಕ. ದಕ್ಷಿಣ ವಿಯೆಟ್ನಾಂ ವಿರುದ್ಧದ ಸೆಮಿಫೈನಲ್‌ನಲ್ಲಿ ಭಾರತ 3–2ರಿಂದ ಗೆದ್ದಾಗ ಚುನಿ ಗೋಸ್ವಾಮಿ ಎರಡು, ಜರ್ನೈಲ್ ಒಂದು ಗೋಲು ಹೊಡೆದಿದ್ದರು.

ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಾಳಿ ಮತ್ತೆ ದಕ್ಷಿಣ ಕೊರಿಯಾ. ಇಸ್ರೇಲ್ ಮತ್ತು ತೈವಾನ್ ತಂಡಗಳಿಗೆ ಕೂಟದಲ್ಲಿ ಅವಕಾಶ ನಿರಾಕರಿಸಿದ್ದನ್ನು ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ವಿರೋಧಿಸಿದ್ದರಿಂದ ಜಕಾರ್ತಾದ ಪ್ರೇಕ್ಷಕರು ಭಾರತದ ಮೇಲೆ ಮುನಿದಿದ್ದರು. ತುಂಬಿದ ಸೆನಾಯಾನ್ ಕ್ರೀಡಾಂಗಣ ಎದುರಾಳಿಯ ಪರವಾಗಿತ್ತು. ಜ್ವರದಿಂದ ಚೇತರಿಸಿಕೊಂಡಿದ್ದ ಗೋಲ್‌ಕೀಪರ್ ಪೀಟರ್ ತಂಗರಾಜ್ ಅವರನ್ನು ರಹೀಂ ಮತ್ತೆ ಕಣಕ್ಕಿಳಿಸಿದರು. 17ನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ, 20ನೆಯ ನಿಮಿಷದಲ್ಲಿ ಜರ್ನೈಲ್ ಸಿಂಗ್ ಗೋಲು ಗಳಿಸಿದರು. ಕೊರಿಯಾ ಪಂದ್ಯದ ಕೊನೆಯ ಘಟ್ಟದಲ್ಲಿ ಒಂದು ಗೋಲು ಮರಳಿಸಿದರೂ ಭಾರತ 2–1ರಿಂದ ಚಿನ್ನ ಗೆದ್ದಿತು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತ ಪಡೆದ ಕೊನೆಯ ಚಿನ್ನ ಇದು.

ನಿಧನ

ಜಕಾರ್ತಾದಿಂದ ಮರಳಿದ ಬಳಿಕ ರಹೀಂ ಅವರ ಆರೋಗ್ಯ ವೇಗವಾಗಿ ಕ್ಷೀಣಿಸಿತು. 1963ರ ಜೂನ್ 11ರಂದು, ಚಿನ್ನದ ಪದಕ ಗೆದ್ದ ಒಂಬತ್ತು ತಿಂಗಳಲ್ಲಿ, ಅವರು ನಿಧನರಾದರು. ಆಗ ಅವರಿಗೆ 53 ವರ್ಷ. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿಯನ್ನು ಭಾರತ ಸರ್ಕಾರ ಸ್ಥಾಪಿಸಿದ್ದು 1985ರಲ್ಲಿ, ಅವರು ತೀರಿಕೊಂಡು 22 ವರ್ಷಗಳಾದ ಮೇಲೆ.

ಕುಟುಂಬ ಮತ್ತು ಕಲಬುರಗಿಯ ನಂಟು

ರಹೀಂ ಅವರ ಪುತ್ರ ಸೈಯದ್ ಶಾಹಿದ್ ಹಕೀಂ ಅವರೂ ಫುಟ್‌ಬಾಲ್ ಆಟಗಾರರು. ತಂದೆಯೇ ತರಬೇತುದಾರರಾಗಿದ್ದ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿ ಅವರಿದ್ದರೂ ಆಡುವ ಹನ್ನೊಂದರಲ್ಲಿ ಅವಕಾಶ ದೊರೆಯಲಿಲ್ಲ. ಭಾರತೀಯ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿ ಸೇವೆ ಸಲ್ಲಿಸಿದ ಹಕೀಂ, ಫಿಫಾ ಮಾನ್ಯತೆಯ ರೆಫರಿಯಾಗಿ ಹಾಗೂ ತರಬೇತುದಾರರಾಗಿ ಹೆಸರು ಮಾಡಿದರು. 2017ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಸಂದಿತು. 2021ರ ಆಗಸ್ಟ್ 22ರಂದು ಅವರು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನಿಧನರಾದರು.

ಪರಂಪರೆ

ರಹೀಂ ಅವರ ಕೈಕೆಳಗೆ ಆಡಿದ ಹಲವರು ಮುಂದೆ ತರಬೇತುದಾರರಾದರು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಕಂಚು ಗೆದ್ದಾಗ ತಂಡದ ನಾಯಕರಾಗಿದ್ದವರು ಹೈದರಾಬಾದಿನ ಪರಂಪರೆಯಿಂದ ಬಂದ ಸೈಯದ್ ನಯೀಮುದ್ದೀನ್. 1990ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಮೊದಲ ಫುಟ್‌ಬಾಲ್ ತರಬೇತುದಾರರೂ ಅವರೇ. ಪಿ.ಕೆ. ಬ್ಯಾನರ್ಜಿ ಕೂಡ ದೇಶದ ಪ್ರಮುಖ ತರಬೇತುದಾರರಾಗಿ ಬೆಳೆದರು.

ಹೈದರಾಬಾದ್ ಫುಟ್‌ಬಾಲ್ ಮಾತ್ರ ರಹೀಂ ಅವರ ನಂತರ ಕ್ರಮೇಣ ಇಳಿಮುಖವಾಯಿತು. ಶಾಲಾ ಮೈದಾನದಿಂದ ರಾಷ್ಟ್ರೀಯ ತಂಡದವರೆಗೆ ಒಬ್ಬರೇ ನೋಡಿಕೊಳ್ಳುತ್ತಿದ್ದ ಆಯ್ಕೆಯ ಸರಪಳಿಯು ಅವರೊಂದಿಗೇ ಕಡಿದುಹೋಯಿತು. ರಹೀಂ ಅವರ ಬದುಕನ್ನು ಆಧರಿಸಿ ಅಮಿತ್ ಶರ್ಮಾ ನಿರ್ದೇಶಿಸಿದ ಹಿಂದಿ ಚಲನಚಿತ್ರ ಮೈದಾನ್ 2024ರಲ್ಲಿ ತೆರೆಕಂಡಿತು. ಅಜಯ್ ದೇವಗನ್ ರಹೀಂ ಅವರ ಪಾತ್ರ ವಹಿಸಿದ್ದಾರೆ.

ಪ್ರಮುಖ ಸಾಧನೆಗಳು

ಭಾರತ ತಂಡ
- ಏಷ್ಯನ್ ಕ್ರೀಡಾಕೂಟ, ಚಿನ್ನ: 1951, 1962
- ಒಲಿಂಪಿಕ್ಸ್, ನಾಲ್ಕನೆಯ ಸ್ಥಾನ: 1956

ಹೈದರಾಬಾದ್ ರಾಜ್ಯ ತಂಡ
- ಸಂತೋಷ್ ಟ್ರೋಫಿ: 1956–57, 1957–58

ಹೈದರಾಬಾದ್ ಸಿಟಿ ಪೊಲೀಸ್ (ನಂತರ ಆಂಧ್ರಪ್ರದೇಶ ಪೊಲೀಸ್)
- ರೋವರ್ಸ್ ಕಪ್: 1950ರಿಂದ 1954ರವರೆಗೆ ಸತತ ಐದು ಬಾರಿ, ಹಾಗೂ 1957
- ಡ್ಯುರಾಂಡ್ ಕಪ್: 1961 ಸೇರಿದಂತೆ ಹಲವು ಬಾರಿ